ಕಾಮಿರೀಥುವಿನಿಂದ ಮಂಚಿಕೇರಿಗೆ

1982ರ ಮಾರ್ಚ್ 12ರಂದು ಕೀನ್ಯಾದ ಕಾಮಿರೀಥು ಎಂಬ ಹಳ್ಳಿಗೆ ಮೂರು ಲಾರಿಗಳಲ್ಲಿ ಪೊಲೀಸರು ಬಂದಿಳಿದರು. ಅವರು ಬಂದದ್ದು ಕಳ್ಳರನ್ನು ಹಿಡಿಯಲಿಕ್ಕಲ್ಲ, ಒಂದು ರಂಗಮಂದಿರವನ್ನು ಕೆಡವಲಿಕ್ಕೆ. ಸುಮಾರು ಎರಡು ಸಾವಿರ ಜನ ಕೂರಬಹುದಾಗಿದ್ದ ಆ ಬಯಲು ರಂಗಮಂದಿರವನ್ನು ಕಟ್ಟಿದವರು ಅದೇ ಊರಿನ ರೈತರು, ಟೀ ತೋಟದ ಕೂಲಿಗಳು, ಪಕ್ಕದ ಲಿಮುರುವಿನ ಬಾಟಾ ಚಪ್ಪಲಿ ಕಾರ್ಖಾನೆಯ ಕಾರ್ಮಿಕರು. ನೆಲ ಮಟ್ಟ ಮಾಡಿದ್ದು, ಮರ ತಂದದ್ದು, ಬೇಲಿ ಕಟ್ಟಿದ್ದು ಎಲ್ಲವೂ ಅವರದೇ. ಅದು ನೆಲಸಮವಾಗುವುದಕ್ಕೆ ಒಂದು ದಿನವೂ ಹಿಡಿಯಲಿಲ್ಲ.

ಅದಾಗಿ ಒಂದೆರಡು ವರ್ಷಗಳೊಳಗೆ, ಸಮುದ್ರದ ಈಚೆಗೆ, ನಮ್ಮ ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಆಫ್ರಿಕಾ ಮೂಲದ ಜನ ಆಫ್ರಿಕಾದ ಒಂದು ಕಥೆಯನ್ನು ಕನ್ನಡದಲ್ಲಿ ನಾಟಕವಾಗಿ ಆಡಿದರು. ಈ ಎರಡು ಸಂಗತಿಗಳ ನಡುವೆ ನೇರ ಸಂಬಂಧವಿಲ್ಲ. ಕಾಮಿರೀಥುವಿನವರಿಗೆ ಮಂಚಿಕೇರಿ ಗೊತ್ತಿರಲಿಲ್ಲ, ಮಂಚಿಕೇರಿಯವರಿಗೆ ಕಾಮಿರೀಥು ಗೊತ್ತಿರಲಿಲ್ಲ. ಆದರೂ ಎರಡನ್ನೂ ಒಟ್ಟಿಗೆ ಇಟ್ಟು ಹೇಳಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಆಗಷ್ಟೇ ಸ್ವತಂತ್ರವಾದ ದೇಶಗಳಲ್ಲಿ ನಾಟಕ ಬರೆಯುವವರು ಬರೆದು ಸುಮ್ಮನಿರಲಾಗಲಿಲ್ಲ. ಆಡುವವರನ್ನೂ ನೋಡುವವರನ್ನೂ ಅವರೇ ತಯಾರು ಮಾಡಬೇಕಾಯಿತು. ಹೀಗೆ ಮೇಷ್ಟರಾದ ನಾಟಕಕಾರರ ಕಥೆ ಇದು. ಅವರಿಗೆ ಪಾಠ ಹೇಳಿದ ಜನರ ಕಥೆಯೂ ಹೌದು.

ಕಾಮಿರೀಥುವಿನ ಮೇಷ್ಟರ ಹೆಸರು ಗೂಗಿ ವಾ ಥಿಯಾಂಗೊ. ಅದೇ ಸೀಮೆಯಲ್ಲಿ 1938ರಲ್ಲಿ ಹುಟ್ಟಿದವರು. ನೈರೋಬಿ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯದ ಪ್ರಾಧ್ಯಾಪಕ, ಇಂಗ್ಲಿಷ್ ಕಾದಂಬರಿಗಳಿಂದ ಹೊರದೇಶಗಳಲ್ಲೂ ಹೆಸರು ಮಾಡಿದ್ದ ಲೇಖಕ. ಅಲ್ಲಿನ ಇಂಗ್ಲಿಷ್ ವಿಭಾಗವನ್ನೇ ಮುಚ್ಚಿ ಆಫ್ರಿಕಾದ ಸಾಹಿತ್ಯವನ್ನು ನಡುವಿನಲ್ಲಿಟ್ಟು ಕಲಿಸಬೇಕೆಂದು 1968ರಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ಬರೆದುಕೊಟ್ಟವರು. 1976ರಲ್ಲಿ ಒಂದು ಬೆಳಿಗ್ಗೆ ಊರಿನ ಒಬ್ಬ ಹೆಂಗಸು ಅವರ ಮನೆಗೆ ಬಂದು, ನೀವು ಇಷ್ಟು ಓದಿದ್ದೀರಿ, ಅದರಲ್ಲಿ ಸ್ವಲ್ಪ ಊರಿಗೂ ಕೊಡಬಾರದೇ ಎಂದು ಕೇಳಿದರಂತೆ. ಮುಂದಿನ ವಾರ ಮತ್ತೆ ಬಂದರು, ಅದರ ಮುಂದಿನ ವಾರವೂ ಬಂದರು. ಗೂಗಿ ಇದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಆ ಹೆಂಗಸು ಬಿಡದೆ ಬಾಗಿಲು ತಟ್ಟದೇ ಹೋಗಿದ್ದರೆ ಪ್ರೊಫೆಸರರು ಪ್ರೊಫೆಸರರಾಗಿಯೇ ಉಳಿಯುತ್ತಿದ್ದರೇನೋ.

ಮೊದಲು ಅಕ್ಷರ ಕಲಿಸುವ ತರಗತಿಗಳು ಶುರುವಾದವು. ಅಕ್ಷರ ಕಲಿತವರು, ಮುಂದೇನು ಎಂದು ಕೇಳಿದರು. ಮುಂದೆ ನಾಟಕ ಎಂದಾಯಿತು. ಗೂಗಿ ವಾ ಥಿಯಾಂಗೊ ಮತ್ತು ಗೂಗಿ ವಾ ಮಿರಿ ಇಬ್ಬರೂ ಸೇರಿ ಗಿಕುಯು ಭಾಷೆಯಲ್ಲಿ 'ನ್ಗಾಹಿಕಾ ನ್ಡೇಂಡಾ' ಬರೆದರು. ಬಡ ಕೂಲಿಗಾರನೊಬ್ಬನ ಚೂರು ಜಮೀನನ್ನು ಶ್ರೀಮಂತರು ನುಂಗುವ ಕಥೆ. ಅಭ್ಯಾಸ ನಡೆದದ್ದು ಬಯಲಿನಲ್ಲಿ. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ನಿಂತು ನೋಡಿ, ತಪ್ಪಿದ್ದರೆ ತಪ್ಪು ಎನ್ನಬಹುದಿತ್ತು. ಹಿರಿಯನೊಬ್ಬ ಹಿರಿಯನೊಡನೆ ಹೀಗೆ ಮಾತಾಡುವುದಿಲ್ಲ, ಈ ಹಾಡನ್ನು ಹೀಗೆ ಎತ್ತಿಕೊಳ್ಳುವುದಿಲ್ಲ ಎಂದು ಊರಿನವರು ತಿದ್ದುತ್ತ ಹೋದರು. ಬರೆದವರು ತಿದ್ದಿಸಿಕೊಂಡರು. ನಾಟಕಕ್ಕೆ ಬೇಕಾದ ಮರದ ಬಂದೂಕುಗಳನ್ನು ಮಾಡಿಕೊಟ್ಟವರು, ಬ್ರಿಟಿಷರ ವಿರುದ್ಧದ ಮಾವ್ ಮಾವ್ ಹೋರಾಟದಲ್ಲಿ ಕಾಡಿನೊಳಗಿನ ಹೋರಾಟಗಾರರಿಗೆ ನಿಜವಾದ ಬಂದೂಕುಗಳನ್ನು ಮಾಡಿಕೊಡುತ್ತಿದ್ದ ಕಸುಬುದಾರರೇ.

1977ರ ಅಕ್ಟೋಬರ್ 2ರಂದು ಮೊದಲ ಪ್ರದರ್ಶನ. ಬೇರೆ ಊರುಗಳಿಂದಲೂ ಜನ ಬಂದರು. ನವೆಂಬರ್ 16ಕ್ಕೆ ಸರ್ಕಾರ ಪರವಾನಗಿ ಕಿತ್ತುಕೊಂಡಿತು. ಡಿಸೆಂಬರ್ 31ರ ರಾತ್ರಿ ಗೂಗಿಯವರನ್ನು ಹಿಡಿದೊಯ್ದರು. ವಿಚಾರಣೆಯೇ ಇಲ್ಲದೆ ಸುಮಾರು ಒಂದು ವರ್ಷ ಜೈಲಿನಲ್ಲಿಟ್ಟರು. ಅಲ್ಲಿ ಕೊಡುತ್ತಿದ್ದ ಶೌಚದ ಒರಟು ಕಾಗದದ ಮೇಲೆ ಅವರು ಗಿಕುಯುವಿನಲ್ಲಿ ಒಂದು ಕಾದಂಬರಿಯನ್ನೇ ಬರೆದರು. ಇಂಗ್ಲಿಷಿನಲ್ಲಿ ಎಷ್ಟೇ ಕಟುವಾಗಿ ಬರೆದರೂ ತಲೆ ಕೆಡಿಸಿಕೊಳ್ಳದ ಸರ್ಕಾರ, ರೈತರು ತಮ್ಮ ಮಾತಿನಲ್ಲಿ ಆಡಿದ ಒಂದು ನಾಟಕಕ್ಕೆ ಹೆದರಿತು. 1982ರಲ್ಲಿ ಅದೇ ತಂಡ ಇನ್ನೊಂದು ಸಂಗೀತ ನಾಟಕಕ್ಕೆ ತಯಾರಾದಾಗ ನೈರೋಬಿಯ ರಾಷ್ಟ್ರೀಯ ರಂಗಮಂದಿರದ ಬಾಗಿಲು ಅವರಿಗೆ ತೆರೆಯಲಿಲ್ಲ. ಆಮೇಲೆ ಬಂದದ್ದೇ ಮಾರ್ಚ್ 12.

ಆಫ್ರಿಕಾದಲ್ಲಿ ಈ ದಾರಿಯನ್ನು ಮೊದಲು ತುಳಿದವರು ಗೂಗಿಯಲ್ಲ. ಪಶ್ಚಿಮದ ಘಾನಾದಲ್ಲಿ ಎಫುವಾ ಸದರ್ಲೆಂಡ್ ಎಂಬ ಶಾಲಾ ಶಿಕ್ಷಕಿ ಇದ್ದರು. 1924ರಲ್ಲಿ ಕೇಪ್ ಕೋಸ್ಟಿನಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಶಿಕ್ಷಕಿಯ ತರಬೇತಿ ಪಡೆದು, ಲಂಡನ್ನಿನ ಸ್ಕೂಲ್ ಆಫ್ ಓರಿಯೆಂಟಲ್ ಅಂಡ್ ಆಫ್ರಿಕನ್ ಸ್ಟಡೀಸ್‌ನಲ್ಲೂ ಓದಿ, 1951ರಲ್ಲಿ ಊರಿಗೆ ಮರಳಿದವರು. ಘಾನಾ 1957ರಲ್ಲಿ ಸ್ವತಂತ್ರವಾಯಿತು. ಮರುವರ್ಷವೇ ಅವರು ಒಂದು ಪ್ರಾಯೋಗಿಕ ರಂಗತಂಡ ಕಟ್ಟಿದರು. 1961ರಲ್ಲಿ ರಾಜಧಾನಿ ಅಕ್ರಾದಲ್ಲಿ ಘಾನಾ ಡ್ರಾಮಾ ಸ್ಟುಡಿಯೊ ಎದ್ದಿತು. ಹಳ್ಳಿಯ ಮನೆಯಂಗಳದ ಹಾಗೆ ನಡುವೆ ತೆರೆದ ಬಯಲಿರುವ ರಂಗಮಂದಿರ ಅದು. ಆಮೇಲೆ ಎಕುಮ್ಫಿ ಆಟ್ವಿಯಾ ಎಂಬ ಹಳ್ಳಿಯಲ್ಲಿ ಊರಿನವರ ಜೊತೆ ಸೇರಿ ಕಥೆ ಹೇಳುವುದಕ್ಕೆಂದೇ ಒಂದು ಮನೆ ಕಟ್ಟಿಸಿದರು. ಅವರ ನಾಟಕಗಳಲ್ಲಿ ಅನನ್ಸೆ ಎಂಬ ಚಾಲಾಕಿ ಜೇಡ ಬರುತ್ತಾನೆ. ಕಥೆ ನಡೆಯುತ್ತಿರುವಾಗಲೇ ನೋಡುಗರಲ್ಲಿ ಒಬ್ಬರು ತಡೆದು ಹಾಡು ಎತ್ತಿಕೊಳ್ಳಬಹುದು. ಅಕಾನ್ ಜನರ ಈ ಪದ್ಧತಿಯನ್ನು ಅವರು ನಾಟಕದ ಕಟ್ಟಿನೊಳಗೇ ತಂದರು. ರಾತ್ರಿಯಿಡೀ ಭಾಗವತರ ಪದಕ್ಕೆ ಕಿವಿಗೊಟ್ಟು, ವೇಷ ಸರಿಯಿಲ್ಲದಿದ್ದರೆ ಕೂಗಿ ಹೇಳುವ ನಮ್ಮ ಬಯಲಾಟದ ಪ್ರೇಕ್ಷಕರಿಗೆ ಇದು ಹೊಸದಾಗಿ ಕಾಣದು.

ಲಂಡನ್ನಿನ ಅದೇ ಸಂಸ್ಥೆಯಲ್ಲಿ, ಅದರ ಹೆಸರಿಗೆ ಆಫ್ರಿಕಾ ಇನ್ನೂ ಸೇರದಿದ್ದ 1920ರ ದಶಕದಲ್ಲಿ, ವಿಜಾಪುರ ಜಿಲ್ಲೆಯ ಅಗರಖೇಡದ ತರುಣನೊಬ್ಬ ಓದಿ ಬಂದಿದ್ದ. ಆಗ ಜಾಗೀರದಾರ ಎಂದು ಹೆಸರು, ಮುಂದೆ ಆದ್ಯ ರಂಗಾಚಾರ್ಯ, ಕನ್ನಡಿಗರಿಗೆ ಶ್ರೀರಂಗ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಹೇಳಿಕೊಡುತ್ತ ನಾಟಕ ಬರೆದರು. ಬರೆದು ಬರೆದು 47 ದೊಡ್ಡ ನಾಟಕಗಳಾದವು, ಏಕಾಂಕಗಳು ಅದಕ್ಕೂ ಹೆಚ್ಚು. ಆದರೆ ಆಡುವವರು ಕಡಿಮೆ. ಕಂಪನಿ ನಾಟಕದ ನಟರಿಗೆ ಈ ಮಾತುಗಳು ಒಗ್ಗುತ್ತಿರಲಿಲ್ಲ, ಓದಿದ ಹುಡುಗರಿಗೆ ರಂಗದ ಮೇಲೆ ನಿಲ್ಲುವುದೇ ಗೊತ್ತಿರಲಿಲ್ಲ. ಹಾಗಾಗಿ ಅವರು ರಂಗಶಿಬಿರಗಳಲ್ಲಿ ಕಲಿಸಿದರು, ರಂಗಭೂಮಿಯ ಬಗ್ಗೆ ಬರೆದರು, ಭರತನ ನಾಟ್ಯಶಾಸ್ತ್ರವನ್ನು ಕನ್ನಡಕ್ಕೆ ತಂದರು. 1984ರ ಅಕ್ಟೋಬರ್‌ನಲ್ಲಿ ತೀರಿಕೊಳ್ಳುವವರೆಗೂ ಅವರ ಹಟ ಒಂದೇ, ಕನ್ನಡದ ನಟ ತಾನು ಏನು ಮಾಡುತ್ತಿದ್ದೇನೆಂದು ತಿಳಿದು ಮಾಡಬೇಕು. ನನ್ನ ಮಟ್ಟಿಗೆ ಕನ್ನಡದ ಮೊದಲ ದೊಡ್ಡ ರಂಗಮೇಷ್ಟರು ಅವರೇ. ಅವರ ನಾಟಕಗಳನ್ನು ಹೊಗಳುವಷ್ಟು ಈ ಕೆಲಸವನ್ನು ನಾವು ನೆನೆಯುವುದಿಲ್ಲ.

ಶ್ರೀರಂಗರ ಹಟಕ್ಕೆ ಒಂದು ಶಾಶ್ವತ ನೆಲೆ ಸಿಕ್ಕಿದ್ದು ಶಿವಮೊಗ್ಗ ಜಿಲ್ಲೆ ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ. ಅಡಿಕೆ ತೋಟದವರ ಊರು ಅದು. ಅಲ್ಲಿ 1949ರಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಎಂದರೆ ನೀನಾಸಂ, ಹುಟ್ಟಿತು. 1932ರಲ್ಲಿ ಹುಟ್ಟಿದ ಕೆ.ವಿ. ಸುಬ್ಬಣ್ಣ ಮೈಸೂರಿನಲ್ಲಿ ಓದು ಮುಗಿಸಿ ಊರಿಗೇ ಮರಳಿ ಅದನ್ನು ಬೆಳೆಸಿದರು. ಅವರೇ ನಾಟಕಗಳನ್ನು ಕನ್ನಡಿಸಿದರು, ಅಕ್ಷರ ಪ್ರಕಾಶನದಿಂದ ಪುಸ್ತಕ ತಂದರು. 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದಿತು, ಮರುವರ್ಷ ಚಿತ್ರಸಮಾಜ ಬಂತು, 1980ರಲ್ಲಿ ರಂಗಶಿಕ್ಷಣ ಕೇಂದ್ರ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದ ಚಿದಂಬರರಾವ್ ಜಂಬೆ ಅಲ್ಲಿ ಮೇಷ್ಟರಾಗಿ, ಪ್ರಾಂಶುಪಾಲರಾಗಿ ದುಡಿದರು.

ಶಾಲೆ ಕಟ್ಟಿದ ಮೇಲೆ ಸುಬ್ಬಣ್ಣನವರನ್ನು ಇನ್ನೊಂದು ಪ್ರಶ್ನೆ ಕಾಡಿತು. ಹೆಗ್ಗೋಡಿಗೆ ಬರುವವರು ಬರುತ್ತಾರೆ, ಬರಲಾಗದವರ ಗತಿಯೇನು? ಅದಕ್ಕೆಂದು 1983ರಿಂದ 1985ರವರೆಗೆ 'ಜನಸ್ಪಂದನ' ಎಂಬ ಯೋಜನೆ ನಡೆಯಿತು. ಅದಕ್ಕೆ ದುಡ್ಡು ಕೊಟ್ಟದ್ದು ಅಮೆರಿಕದ ಫೋರ್ಡ್ ಫೌಂಡೇಶನ್. ಅಕ್ರಾದ ಡ್ರಾಮಾ ಸ್ಟುಡಿಯೊಗೂ ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ನಿನ ನೆರವಿತ್ತು. ಕಾಮಿರೀಥುವಿನಲ್ಲಿ ಮಾತ್ರ ಎಲ್ಲವೂ ಊರಿನವರದೇ. ವಿದೇಶಿ ಹಣದ ಬಗ್ಗೆ ನಮ್ಮಲ್ಲಿ ಆಗಲೂ ಚರ್ಚೆಯಾಗಿದೆ, ಆಗಬೇಕಾದ್ದೇ. ಆದರೆ ಹಣ ಎಲ್ಲಿಂದ ಬಂತೆಂದು ಕೇಳಿದ ಮೇಲೆ ಅದು ಎಲ್ಲಿಗೆ ಹೋಯಿತೆಂದೂ ಕೇಳಬೇಕು. ಅದರಲ್ಲಿ ಒಂದಿಷ್ಟು ಹೋದದ್ದು ಸಿದ್ದಿಯರ ಕೇರಿಗೆ.

ಸಿದ್ದಿಯರು ಯಾರೆಂದು ಇಂದಿಗೂ ಬೆಂಗಳೂರಿನಲ್ಲಿ ಹೇಳಬೇಕಾಗುತ್ತದೆ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿ ಸೀಮೆಯ ಕಾಡಂಚಿನಲ್ಲಿ ಬದುಕುವವರು. ಕರ್ನಾಟಕದಲ್ಲಿ ಅವರ ಸಂಖ್ಯೆ ಸುಮಾರು ಹತ್ತು ಸಾವಿರ. ಪೋರ್ಚುಗೀಸರು ಹದಿನಾರನೇ ಶತಮಾನದಿಂದ ಪೂರ್ವ ಆಫ್ರಿಕಾದ ಕರಾವಳಿಯಿಂದ, ಹೆಚ್ಚಾಗಿ ಮೊಜಾಂಬಿಕ್ ಕಡೆಯಿಂದ, ಜನರನ್ನು ಹಿಡಿದು ತಂದು ಗೋವಾದಲ್ಲಿ ಗುಲಾಮರಾಗಿ ಮಾರಿದರು. ಅವರಲ್ಲಿ ಬಿಡುಗಡೆಯಾದವರು, ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ದಖ್ಖನಿನ ಸುಲ್ತಾನರ ಕಾಲದಲ್ಲಿ ಆಫ್ರಿಕಾದವರು ದಂಡನಾಯಕರೂ ಮಂತ್ರಿಗಳೂ ಆಗಿದ್ದರು. ಅಹಮದ್‌ನಗರದ ಮಲಿಕ್ ಅಂಬರ್, ವಿಜಾಪುರದ ಇಖ್ಲಾಸ್ ಖಾನ್ ಹೆಸರುಗಳನ್ನು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಘಟ್ಟದ ಸಿದ್ದಿಯರಿಗೆ ಆ ವೈಭವದಲ್ಲಿ ಪಾಲು ಸಿಗಲಿಲ್ಲ. ಅವರು ಬೇರೆಯವರ ಜಮೀನಿನಲ್ಲಿ ಕೂಲಿಯಾದರು, ಕಾಡಿನ ಜೇನು, ಸೌದೆ ನಂಬಿದರು. ಹಿಂದೂ, ಕ್ರೈಸ್ತ, ಮುಸ್ಲಿಂ ಎಂದು ಮೂರು ಧರ್ಮಗಳಲ್ಲಿ ಹಂಚಿಹೋದರು. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಪೇಟೆಯಲ್ಲಿ ಕನ್ನಡ. ಬಂದ ನಾಡಿನ ಭಾಷೆ ಉಳಿಯಲಿಲ್ಲ. ಉಳಿದದ್ದು ದಮಾಮಿ ಎಂಬ ಡೋಲಿನ ಬಡಿತ, ಅದಕ್ಕೆ ಕುಣಿಯುವ ಕಾಲು, ಮತ್ತು ಹಿರಿಯರ ಪೂಜೆ.

ಇವರ ಜೊತೆ ಯಾವ ನಾಟಕ ಆಡಿಸುವುದು? ನೀನಾಸಂ ಆರಿಸಿಕೊಂಡದ್ದು ನೈಜೀರಿಯಾದ ಚಿನುವಾ ಅಚೆಬೆ 1958ರಲ್ಲಿ ಇಂಗ್ಲಿಷಿನಲ್ಲಿ ಬರೆದ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯನ್ನು. ನಾಟಕದ ಹೆಸರು 'ಕಪ್ಪು ಜನ ಕೆಂಪು ನೆರಳು'. ನಿರ್ದೇಶನ ಜಂಬೆಯವರದು. ಆಡಿದವರು ಸಿದ್ದಿಯರೇ.

ಕಾದಂಬರಿಯ ನಾಯಕ ಒಕೊಂಕ್ವೊ. ಇಗ್ಬೊ ಜನರ ಉಮೊಫಿಯಾ ಎಂಬ ಊರಿನ ಜಟ್ಟಿ. ಹರೆಯದಲ್ಲೇ ಯಾರೂ ಸೋಲಿಸಲಾಗದಿದ್ದ ಕುಸ್ತಿಪಟುವನ್ನು ಕೆಡವಿ ಹೆಸರು ಗಳಿಸಿದವನು. ಅಪ್ಪನ ಸೋಮಾರಿತನದ ನಾಚಿಕೆಯನ್ನು ಜೀವನವಿಡೀ ಹೊತ್ತು, ಮೆದು ಮನಸ್ಸೆಂದರೆ ಸೋಲೆಂದು ನಂಬಿದವನು. ತನ್ನನ್ನು ಅಪ್ಪಾ ಎಂದು ಕರೆದ ಹುಡುಗನ ಕೊಲೆಯಲ್ಲೂ, ಹೇಡಿ ಎನ್ನಿಸಿಕೊಳ್ಳುವ ಭಯಕ್ಕೆ, ಅವನೇ ಕತ್ತಿ ಎತ್ತುತ್ತಾನೆ. ಒಂದು ಸಾವಿನ ಮನೆಯಲ್ಲಿ ಅವನ ಬಂದೂಕು ಆಕಸ್ಮಿಕವಾಗಿ ಸಿಡಿದು ಹುಡುಗನೊಬ್ಬ ಸಾಯುತ್ತಾನೆ. ಅದಕ್ಕೆ ಏಳು ವರ್ಷ ತಾಯಿಯ ತವರಿನಲ್ಲಿ ಗಡಿಪಾರು. ಆ ಏಳು ವರ್ಷಗಳಲ್ಲಿ ಪಾದ್ರಿಗಳು ಬರುತ್ತಾರೆ, ಬಿಳಿಯರ ಕೋರ್ಟು ಬರುತ್ತದೆ, ಮಗನೇ ಅವರ ಕಡೆ ಹೋಗುತ್ತಾನೆ. ಮರಳಿ ಬಂದವನಿಗೆ ತನ್ನ ಊರೇ ಗುರುತು ಸಿಗುವುದಿಲ್ಲ. ಕೊನೆಗೆ ಬಿಳಿಯರ ಜವಾನನೊಬ್ಬನನ್ನು ಕಡಿದು, ಊರು ತನ್ನ ಹಿಂದೆ ಏಳುವುದಿಲ್ಲವೆಂದು ಅರಿತು, ನೇಣು ಹಾಕಿಕೊಳ್ಳುತ್ತಾನೆ. ಅವನ ಇಡೀ ಬದುಕನ್ನು ತಾನು ಬರೆಯಲಿರುವ ಪುಸ್ತಕದ ಒಂದು ಪ್ಯಾರಾದಲ್ಲಿ ಮುಗಿಸಬಹುದೆಂದು ಬಿಳಿ ಅಧಿಕಾರಿ ಲೆಕ್ಕ ಹಾಕುತ್ತಾನೆ.

ಇಗ್ಬೊ ಜನ ಇರುವುದು ಪಶ್ಚಿಮ ಆಫ್ರಿಕಾದಲ್ಲಿ. ಸಿದ್ದಿಯರ ಪೂರ್ವಿಕರು ಪೂರ್ವ ಕರಾವಳಿಯವರು. ಎರಡರ ನಡುವೆ ಸಾವಿರಾರು ಮೈಲಿ, ಬೇರೆ ಭಾಷೆ, ಬೇರೆ ದೇವರು. ಕಪ್ಪು ಮೈಬಣ್ಣದವರಿಗೆ ಕಪ್ಪು ಜನರ ಕಥೆ ಎಂಬಷ್ಟೇ ಕಾರಣಕ್ಕೆ ಇದನ್ನು ಆರಿಸಿದ್ದರೆ ಅದು ಅವಮಾನವೇ ಆಗುತ್ತಿತ್ತು. ಆದರೆ ಕಾದಂಬರಿಯೊಳಗೆ ಹೊಕ್ಕು ನೋಡಿದರೆ ಬೇರೆಯೇ ಕಾರಣಗಳು ಕಾಣುತ್ತವೆ. ಉಮೊಫಿಯಾದಲ್ಲಿ ತೀರಿಹೋದ ಹಿರಿಯರು ಮುಖವಾಡ ತೊಟ್ಟು ಬಂದು ಊರ ನ್ಯಾಯ ಹೇಳುತ್ತಾರೆ. ಸಿದ್ದಿಯರ ಮನೆಗಳಲ್ಲೂ ಹಿರಿಯರಿಗೆ ಜಾಗವಿದೆ, ಅವರನ್ನು ಕೇಳದೆ ದೊಡ್ಡ ಕೆಲಸ ಶುರುವಾಗುವುದಿಲ್ಲ. ಉಮೊಫಿಯಾದಲ್ಲಿ ಸುದ್ದಿ ಬರುವುದು ಡೋಲಿನ ಮೇಲೆ, ಕುಸ್ತಿ ನಡೆಯುವುದು ಡೋಲಿನ ಜೊತೆ. ದಮಾಮಿ ಗೊತ್ತಿರುವವರಿಗೆ ಅದನ್ನು ಯಾವ ಮೇಷ್ಟರೂ ಕಲಿಸಬೇಕಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹೊರಗಿನಿಂದ ಬಂದವರು ನೆಲಕ್ಕೂ ನ್ಯಾಯಕ್ಕೂ ಒಡೆಯರಾಗಿ ಕೂತಾಗ ಒಂದು ಊರು ಒಳಗೊಳಗೇ ಹೇಗೆ ಬಿರಿಯುತ್ತದೆ ಎಂಬುದು ಸಿದ್ದಿಯರು ಪುಸ್ತಕದಲ್ಲಿ ಓದಿ ತಿಳಿಯಬೇಕಾದ ಸಂಗತಿಯಲ್ಲ.

ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದಂತೆ ಬದುಕುವುದೇ ಸಿದ್ದಿಯರಿಗೆ ಕ್ಷೇಮವಾಗಿತ್ತು. ಗುಂಗುರು ಕೂದಲು, ಮೈಬಣ್ಣ ಇವೆರಡಕ್ಕೇ ಜನ ತಿರುಗಿ ನೋಡಿ ನಗುತ್ತಿದ್ದ ಕಾಲ. ಎಲ್ಲರೂ ನೋಡಲೆಂದೇ ದೀಪದ ಬೆಳಕಿನಲ್ಲಿ ನಿಲ್ಲುವುದು, ನೋಡುವವರು ನಗದೆ ಸುಮ್ಮನೆ ಕೇಳುವುದು ಎಂದರೆ ಅವರಿಗೆ ಎಷ್ಟು ದೊಡ್ಡ ಮಾತೆಂದು ನಾವು ಊಹಿಸಿಕೊಳ್ಳಬೇಕು. ಒಕೊಂಕ್ವೊನ ಕಥೆಯನ್ನು ಒಂದು ಪ್ಯಾರಾಕ್ಕೆ ಇಳಿಸಲು ಹೊರಟ ಆ ಅಧಿಕಾರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇರೆ ಇರಲಾರದು. ಕನ್ನಡದ ರಂಗಚರಿತ್ರೆಗಳಲ್ಲಿ ಈ ಪ್ರಯೋಗಕ್ಕೆ ಒಂದೆರಡು ಸಾಲು ಸಿಗುತ್ತದೆ. ಅದು ಸಾಲದು. 1972ರಲ್ಲಿ ಬೆಂಗಳೂರಿನಲ್ಲಿ ಬಿ.ವಿ. ಕಾರಂತರು 'ಜೋಕುಮಾರಸ್ವಾಮಿ', 'ಈಡಿಪಸ್', 'ಸಂಕ್ರಾಂತಿ' ಆಡಿಸಿದ್ದನ್ನು ನಾವು ತಿರುವು ಎನ್ನುತ್ತೇವೆ, ನಿಜ. ಮಂಚಿಕೇರಿಯ ನಾಟಕವೂ ತಿರುವೇ. ಅಲ್ಲಿ ಬದಲಾದದ್ದು ಆಡುವ ಜನ.

ಆ ಹೊತ್ತಿಗೆ ನಾಟಕವನ್ನು ಜನರ ಬಳಿಗೆ ಒಯ್ಯುವ ಕೆಲಸ ಬೆಂಗಳೂರಿನಲ್ಲೂ ನಡೆದಿತ್ತು. ತುರ್ತುಪರಿಸ್ಥಿತಿಯ 1975ರಲ್ಲಿ ಹುಟ್ಟಿದ 'ಸಮುದಾಯ' ಪ್ರಸನ್ನ, ಸಿ.ಜಿ. ಕೃಷ್ಣಸ್ವಾಮಿ ಮೊದಲಾದವರ ಮುಂದಾಳುತನದಲ್ಲಿ ಬೀದಿಗಿಳಿಯಿತು, ಜಾಥಾ ಕಟ್ಟಿಕೊಂಡು ನಾಡು ಸುತ್ತಿತು. ಅವರು ಜನರಿಗಾಗಿ ಆಡಿದರು, ಅದರ ಬೆಲೆ ದೊಡ್ಡದು. ಜನರೇ ಆಡುವಂತೆ ಮಾಡುವುದು ಇನ್ನೊಂದು ಬಗೆಯ, ಹೆಚ್ಚು ನಿಧಾನದ ಕೆಲಸ. ಅದಕ್ಕೆ ಮೇಷ್ಟರ ತಾಳ್ಮೆ ಬೇಕು.

ಮಂಚಿಕೇರಿಯ ನಾಟಕದ ಮೇಲೆ ಸಿದ್ದಿಯರ ಬದುಕು ಒಮ್ಮೆಗೇ ಬದಲಾಗಲಿಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನು ಓಟಗಾರರನ್ನಾಗಿ ಮಾಡುತ್ತೇವೆಂದು ಕರೆದೊಯ್ದರು, ಕೆಲವು ವರ್ಷಗಳಲ್ಲಿ ಆ ಯೋಜನೆ ನಿಂತಿತು. ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು 2020ರಲ್ಲಿ. ರಂಗಭೂಮಿಯ ಎಳೆ ಮಾತ್ರ ನಡುವೆ ಕಡಿಯಲಿಲ್ಲ. ಸಿದ್ದಿ ಹುಡುಗ ಹುಡುಗಿಯರು ಹೆಗ್ಗೋಡಿನ ರಂಗಶಿಕ್ಷಣ ಕೇಂದ್ರಕ್ಕೆ ವಿದ್ಯಾರ್ಥಿಗಳಾಗಿಯೇ ಹೋದರು. ಗಿರಿಜಾ ಸಿದ್ದಿ ಅಲ್ಲಿ ಕಲಿತು ನಟಿಯಾದರು, ಹಿಂದೂಸ್ತಾನಿ ಸಂಗೀತವನ್ನೂ ಕಲಿತರು. ಪ್ರಶಾಂತ್ ಸಿದ್ದಿ ನೀನಾಸಂನಿಂದ ಸಿನಿಮಾಕ್ಕೆ ಬಂದು 2011ರ 'ಪರಮಾತ್ಮ'ದಿಂದ ಮನೆಮಾತಾದರು.

ನಾನಿರುವ ಲಗ್ಗೆರೆ ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿದೆ. ಇಲ್ಲಿನ ಸಾಲು ಮನೆಗಳಲ್ಲಿ ಗಾರ್ಮೆಂಟ್ಸ್‌ಗೆ, ಲೇತ್ ಅಂಗಡಿಗಳಿಗೆ ಹೋಗುವವರು ಬಾಡಿಗೆಗಿದ್ದಾರೆ. ಉತ್ತರ ಕರ್ನಾಟಕದಿಂದ ಬಂದವರು ಬಹಳ, ಊರಿನ ದೊಡ್ಡಾಟ, ಸಣ್ಣಾಟ ಕಂಡವರು. ಲಿಮುರುವಿನ ಕಾರ್ಖಾನೆಯಿಂದ ಕೆಲಸ ಮುಗಿಸಿ ಅಭ್ಯಾಸಕ್ಕೆ ಬರುತ್ತಿದ್ದ ಜನಕ್ಕೂ ಇವರಿಗೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ರಿಂಗ್ ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಮಲ್ಲತ್ತಹಳ್ಳಿಯ ಕಲಾಗ್ರಾಮ, ಅಲ್ಲೇ ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ. ಅಲ್ಲಿ ಕಲಿತು ಹೊರಬೀಳುವ ತರುಣರು ಒಂದು ಬೇಸಿಗೆ ಇಲ್ಲಿನ ಯಾವುದಾದರೂ ಸರ್ಕಾರಿ ಶಾಲೆಯ ಅಂಗಳದಲ್ಲಿ ಶಿಬಿರ ಹೂಡಲಿ, ಕಾರ್ಖಾನೆಯ ಜನ ತಮ್ಮ ಮಾತಿನಲ್ಲೇ ಒಂದು ನಾಟಕ ಕಟ್ಟಲಿ ಎಂಬ ಆಸೆ ನನಗಿದೆ. ಘಟ್ಟದ ಕಾಡಂಚಿನಲ್ಲಿ ಆದದ್ದು ಇಲ್ಲಿ ಆಗದೆಂದು ನಾನು ಒಪ್ಪುವುದಿಲ್ಲ.

ಅಕ್ರಾದ ಡ್ರಾಮಾ ಸ್ಟುಡಿಯೊವನ್ನು ಹೊಸ ರಾಷ್ಟ್ರೀಯ ರಂಗಮಂದಿರಕ್ಕಾಗಿ ಒಡೆದರು, ಅದರ ಪ್ರತಿರೂಪವನ್ನು ವಿಶ್ವವಿದ್ಯಾಲಯದ ಆವರಣದಲ್ಲಿ ಮತ್ತೆ ಕಟ್ಟಿದರು. ಎಫುವಾ ಸದರ್ಲೆಂಡ್ 1996ರಲ್ಲಿ ತೀರಿಕೊಂಡರು. ಸುಬ್ಬಣ್ಣ 2005ರ ಜುಲೈನಲ್ಲಿ ಹೋದರು. 1982ರಿಂದ ದೇಶದ ಹೊರಗೇ ಬದುಕಿದ ಗೂಗಿ 2025ರ ಮೇ 28ರಂದು ಅಮೆರಿಕದಲ್ಲಿ ಕಣ್ಣು ಮುಚ್ಚಿದರು. 2021ರಲ್ಲಿ ಬಂದ 'ಸಲಗ' ಸಿನಿಮಾದ 'ಟಿಣಿಂಗ ಮಿಣಿಂಗ ಟಿಶ್ಯಾ' ಹಾಡು ನಾಡಿನಾದ್ಯಂತ ಮೊಳಗಿತು. ಲಗ್ಗೆರೆಯ ಆಟೊಗಳಲ್ಲೂ ಅದೇ ಹಾಡು. ಹಾಡಿದವರು ಗಿರಿಜಾ ಸಿದ್ದಿ, ಗೀತಾ ಸಿದ್ದಿ ಮತ್ತು ಅವರ ಸಂಗಡಿಗರು.